ಕಾಕಾನ ಮೂರನೆಯ ಪರೀಕ್ಷೆ

ನಮ್ಮ ಕಾಕಾ ಬ್ಯಾಂಕಿನ ಕ್ಲಾರ್ಕು ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಹಾಗೇ ಎದ್ದು ಬಂದಿದ್ದ. ಮೂರನೆಯ ಸಲಕ್ಕೆ ಅವನಿಗೆ ನಾನು ಗಣಿತ ಹೇಳಿಕೊಡಬೇಕೆಂದು ಅಪ್ಪ ಠರಾಯಿಸಿದರು. ಆಗ ಅವನಿಗೆ ಇಪ್ಪತ್ನಾಲ್ಕು, ನನಗೆ ಇಪ್ಪತ್ತು. ಇಪ್ಪತ್ತೈದು ದಾಟಿದವರನ್ನು ಆ ಬ್ಯಾಂಕಿನವರು ಪರೀಕ್ಷೆಗೆ ಕೂಡಿಸುತ್ತಿರಲಿಲ್ಲವಾದ್ದರಿಂದ ಇದೇ ಕೊನೆಯ ಸಲ.

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಮೂರು ಕೋಣೆಯ ಬಾಡಿಗೆ ಮನೆ. ಸಾಲಿ ಮಾಸ್ತರರಾಗಿದ್ದ ಅಪ್ಪ, ಅವ್ವ, ಅಪ್ಪನ ತಾಯಿ, ಅಪ್ಪನ ಕಿರಿಯ ತಮ್ಮನಾದ ಈ ಕಾಕಾ, ಮತ್ತು ನಾನು. ಅಜ್ಜಿಯನ್ನು ನಾವು ಆಯಿ ಅನ್ನುತ್ತಿದ್ದೆವು. ನಾನು ಗಣಿತ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ನನ್ನ ಫೋಟೋ ಮಾತ್ರ ವರಗಳನ್ನು ಹುಡುಕಿಕೊಂಡು ಬೆಳಗಾವಿ, ಬಾಗಲಕೋಟೆ, ಗದಗ ಎಂದು ಊರೂರು ತಿರುಗುತ್ತಿತ್ತು.

ಅಪ್ಪನ ಠರಾವು ಕೇಳಿ ಕಾಕಾನಿಗೆ ಬಹಳ ಅವಮಾನವಾಯಿತು.

"ಅಣ್ಣಾ, ಇಕಿನ್ನ ನಾ ಬಗಲಾಗ ಎತ್ತಿಕೊಂಡು ಓಣಿ ತುಂಬ ತಿರುಗೇನಿ. ಈಗ ಇಕಿ ಮುಂದ ಪಾಟಿ ಹಿಡಕೊಂಡು ಕುಂಡ್ರಲೇನು?"

"ಎರಡ ಸಲ ಬೆಂಚಿನ ಮ್ಯಾಲ ಕುಂತು ನೋಡಿದಿ. ಈಗ ಚಾಪಿ ಮ್ಯಾಲ ಕುಂತು ನೋಡು," ಎಂದರು ಅಪ್ಪ, ಹಾಜರಿ ಪುಸ್ತಕದಿಂದ ತಲೆ ಎತ್ತದೆ.

ಕಾಕಾ ಒಂದು ಕರಾರು ಹಾಕಿದ. "ಹಂಗಾದ್ರ ನಾ ಇಕಿಗೆ ಇಂಗ್ಲಿಷ್ ಮತ್ತ ಸಾಮಾನ್ಯ ಜ್ಞಾನ ಹೇಳಿಕೊಡ್ತೇನಿ. ಸಮಾ ಸಮಾ ಆಗ್ತೈತಿ. ಯಾರಿಗೆ ಯಾರೂ ಮಾಸ್ತರ ಅಲ್ಲ."

ನನಗೆ ಸಾಮಾನ್ಯ ಜ್ಞಾನ ಯಾತಕ್ಕೆ ಬೇಕೆಂದು ಯಾರೂ ಕೇಳಲಿಲ್ಲ. ಕಾಕಾನ ಮಾನ ಉಳಿಯುವುದಕ್ಕಾಗಿ ನಾನು ಎಲ್ಲ ದೇಶಗಳ ರಾಜಧಾನಿಗಳನ್ನು ಕಲಿಯುವುದೆಂದು ತೀರ್ಮಾನವಾಯಿತು.

ಪಾಠ ಮರುದಿನವೇ ಸುರುವಾಯಿತು. ಮೊದಲ ದಿನವೇ ನನಗೆ ರೋಗ ತಿಳಿಯಿತು. ಕಾಕಾ ದಡ್ಡನಲ್ಲ, ಆದರೆ ಅವನು ಲೆಕ್ಕವನ್ನು ನಂಬುತ್ತಿರಲಿಲ್ಲ. ಆಣೆ ಹೋಗಿ ನಯೇ ಪೈಸೆ ಬಂದು ಐದಾರು ವರ್ಷವಾಗಿದ್ದರೂ ಅವನು ಎಲ್ಲವನ್ನೂ ಮೊದಲು ಆಣೆಗೆ ಇಳಿಸಿ, ಅಲ್ಲಿ ಲೆಕ್ಕ ಮಾಡಿ, ತಿರುಗಿ ಪೈಸೆಗೆ ಏರಿಸುತ್ತಿದ್ದ. ದಾರಿಯಲ್ಲಿ ಒಂದೆರಡು ಪೈಸೆ ಉದುರಿಹೋಗುತ್ತಿದ್ದವು. ಅದಕ್ಕೂ ದೊಡ್ಡ ತೊಡಕೆಂದರೆ ಪ್ರಶ್ನೆಯೊಳಗಿನ ಮನುಷ್ಯರ ನಡತೆ ಅವನಿಗೆ ಒಪ್ಪಿಗೆಯಾಗಬೇಕಿತ್ತು.

ಒಂದು ತೊಟ್ಟಿಗೆ ಎರಡು ನಳಗಳು ನೀರು ತುಂಬುತ್ತವೆ, ತಳದಲ್ಲಿರುವ ಮೂರನೆಯದು ಖಾಲಿ ಮಾಡುತ್ತದೆ; ತೊಟ್ಟಿ ಎಷ್ಟು ಹೊತ್ತಿಗೆ ತುಂಬೀತು? ನಾನು ಓದಿ ಮುಗಿಸಿದೆ. ಕಾಕಾ ಪೆನ್ಸಿಲು ಕೆಳಗಿಟ್ಟ.

"ತುಂಬೂ ಹೊತ್ತಿನ್ಯಾಗ ತಳದ ನಳಾ ಯಾಕ ತೆರದಿಟ್ಟಾರ?"

"ಲೆಕ್ಕದ ಸಲುವಾಗಿ, ಕಾಕಾ."

"ನಮ್ಮ ಓಣ್ಯಾಗ ಹಿಂಗ ಯಾರರೆ ಮಾಡಿದ್ರ ಕೊಡಾ ಹಿಡಕೊಂಡು ನಿಂತ ಹೆಣ್ಣಮಕ್ಕಳು ಸುಮ್ನ ಬಿಡ್ತಿದ್ರೇನು?"

"ನೀ ಉತ್ತರ ಬರಿ."

"ಬರೀತೇನಿ ಬಿಡು. ಮನಸ್ಸು ಒಪ್ಪವಲ್ದು, ಅಷ್ಟ."

ಎರಡು ರೈಲುಗಳು ಎದುರಾಬದುರಾಗಿ ಬರುವ ಲೆಕ್ಕದಲ್ಲೂ ಇದೇ ಆಯಿತು. ಧಾರವಾಡಕ್ಕೂ ಹುಬ್ಬಳ್ಳಿಗೂ ನಡುವೆ ಇದ್ದದ್ದು ಒಂದೇ ಹಳಿ. "ಎದುರಾಬದುರಾ ಬಂದ್ರ ಲೆಕ್ಕಾ ಮಾಡಾಕ ಯಾರು ಉಳೀತಾರ?" ಎಂದು ಕೇಳಿದ. ಎರಡು ಹಳಿ ಇವೆ ಎಂದು ನಾನು ಪ್ರಶ್ನೆಪತ್ರಿಕೆಯ ಪರವಾಗಿ ಆಣೆ ಮಾಡಿದ ಮೇಲೆಯೇ ಪೆನ್ಸಿಲು ಎತ್ತಿಕೊಂಡ.

ಇಂಗ್ಲಿಷಿನಲ್ಲಿ ಅವನು ನನ್ನ ಗುರು. ನಿಜವಾಗಿಯೂ ಒಳ್ಳೆಯ ಗುರು. ಅವನ ಅಕ್ಷರ ಮುತ್ತು ಪೋಣಿಸಿದಂತೆ, ನನ್ನದು ಕೋಳಿ ಕೆದರಿದಂತೆ. ಬ್ಯಾಂಕಿನವರು ಅಕ್ಷರಕ್ಕೂ ಅಂಕ ಕೊಡುತ್ತಾರೆಂದು ಅವನು ನನ್ನಿಂದ ದಿನಾ ಒಂದು ಪುಟ ಬರೆಸಿದ. ಆದರೆ ಸಾರಾಂಶ ಬರೆಯುವುದರಲ್ಲಿ ಮಾತ್ರ ಗುರುವೇ ಎಡವುತ್ತಿದ್ದ. ಮುನ್ನೂರು ಶಬ್ದಗಳನ್ನು ನೂರಕ್ಕೆ ಇಳಿಸಬೇಕು. ಕಾಕಾನ ಸಾರಾಂಶ ಮುನ್ನೂರೈವತ್ತಕ್ಕೆ ಏರುತ್ತಿತ್ತು.

"ಮೂಲಕ್ಕಿಂತ ಉದ್ದ ಆಗೇತಲ್ಲೋ," ಎಂದು ಅಪ್ಪನೇ ಒಮ್ಮೆ ನಕ್ಕರು.

"ಅವ ಬರದಾವ ಒಂದ ಮಾತು ಬಿಟ್ಟಿದ್ದ, ಅಣ್ಣಾ. ಅದನ್ನ ಸೇರಿಸಿದೆ."

ಸಾಮಾನ್ಯ ಜ್ಞಾನಕ್ಕೆ ಅವನ ಹತ್ತಿರ ಒಂದು ಹಳೆಯ ಪುಸ್ತಕವಿತ್ತು. ರಾಜ್ಯಗಳ ಗಡಿ ಬದಲಾಗುವ ಮೊದಲು ಅಚ್ಚಾದದ್ದು. ಆ ಪುಸ್ತಕದ ಪ್ರಕಾರ ನಾವಿನ್ನೂ ಮುಂಬೈ ರಾಜ್ಯದಲ್ಲೇ ಇದ್ದೆವು. ಹೊಸದು ಕೊಳ್ಳುವ ಬದಲು ಕಾಕಾ ಅದರ ಅಂಚಿನಲ್ಲೆಲ್ಲ ತಿದ್ದುತ್ತ ಹೋದ. ಆಫ್ರಿಕದಲ್ಲಿ ಒಂದು ದೇಶ ಸ್ವತಂತ್ರವಾದರೆ ನಮ್ಮ ಮನೆಯ ಪುಸ್ತಕದಲ್ಲಿ ಒಂದು ಗೆರೆ ಬೀಳುತ್ತಿತ್ತು. ಬೆಳಗ್ಗೆ ಎದ್ದು ಕೆಲಗೇರಿ ಕೆರೆಯ ದಂಡೆಯವರೆಗೆ ನಡೆದು, ರಾಜಧಾನಿಗಳನ್ನು ಗಟ್ಟಿಯಾಗಿ ಹೇಳುತ್ತ ತಿರುಗಿ ಬರುತ್ತಿದ್ದ. ಬಂದು ಅದನ್ನೇ ಪಡಸಾಲೆಯಲ್ಲಿ ಕೂತು ನನಗೆ ಹೇಳಿಸುತ್ತಿದ್ದ. ಮೂಲೆಯಲ್ಲಿ ಜಪ ಮಾಡುತ್ತಿದ್ದ ಆಯಿಗೆ ಅವು ಕಿವಿಯ ಮೇಲೆ ಬಿದ್ದೂ ಬಿದ್ದೂ ಬಾಯಿಗೆ ಬಂದುಬಿಟ್ಟವು. ಒಂದು ದಿನ ನಾನು ತಡವರಿಸಿದಾಗ ಜಪಮಣಿ ನಿಲ್ಲಿಸದೆ, "ಕೈರೋ ಅನ್ನವಾ," ಎಂದಳು.

ಅರ್ಜಿ ಹಾಕುವ ಹೊತ್ತಿಗೆ ಕಾಕಾ ಹುಬ್ಬಳ್ಳಿಗೆ ಹೋಗಿ ಎರಡು ಫಾರ್ಮು ತಂದ. ಹೋದ ವರ್ಷ ಮಸಿ ಚೆಲ್ಲಿ ಒಂದು ಕೆಟ್ಟಿತ್ತು. ಈ ಸಲ ಮೊದಲನೆಯದೇ ನೆಟ್ಟಗೆ ಬಂತು. ಎರಡನೆಯದು ಖಾಲಿ ಉಳಿಯಿತು. ಅವನು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಇದನ್ನ ನೀ ತುಂಬು, ಕೂಸ."

"ನಾ ಯಾತಕ್ಕ?"

"ಆರು ತಿಂಗಳಿಂದ ಓದಾಕತ್ತಿ. ಓದಿದ್ದು ಹಾಳು ಯಾಕ ಮಾಡ್ತಿ? ಮತ್ತ ಅಲ್ಲಿ ನನ್ನ ಜೋಡಿ ಒಬ್ಬರು ಇದ್ದಂಗ ಆಗ್ತೈತಿ."

ಅಪ್ಪ ಕನ್ನಡಕದ ಮೇಲಿಂದ ನೋಡಿ, "ಬರದ್ರ ಬರೀಲಿ. ಪರೀಕ್ಷಾ ಅಂದ್ರ ಪರೀಕ್ಷಾ," ಎಂದರು. ಮಾಸ್ತರರಿಗೆ ಪರೀಕ್ಷೆ ಬೇಡವೆನ್ನಲು ಬಾಯಿ ಬರುವುದಿಲ್ಲ. ಪಾಸಾಗುವ ಮಾತಂತೂ ಯಾರ ತಲೆಯಲ್ಲೂ ಇರಲಿಲ್ಲ.

ತೊಂದರೆ ಬಂದದ್ದು ಫೋಟೋದಿಂದ. ಅರ್ಜಿಗೆ ಎರಡು ಪ್ರತಿ ಬೇಕು, ಮನೆಯಲ್ಲಿ ಇದ್ದದ್ದು ಒಂದು. ಜಡೆ ಮುಂದೆ ಹಾಕಿಕೊಂಡು, ಸ್ಟುಡಿಯೋದ ಸ್ಟೂಲಿನ ಮೇಲೆ ಕೈಯಿಟ್ಟು ನಾನು ನಿಂತಿದ್ದ ಆ ಪಟವನ್ನು ಕತ್ತರಿಸಿದರೆ ಮುಖ ಸಿಗುತ್ತಿತ್ತು. ಸ್ಟುಡಿಯೋದವನು ಹೊಸ ಪ್ರತಿಗೆ ಎಂಟು ದಿನ ಕೇಳಿದ, ಅರ್ಜಿಗೆ ಉಳಿದದ್ದು ಮೂರು ದಿನ. ಇನ್ನೊಂದು ಪ್ರತಿ ಗದಗಿನ ವರನ ಮನೆಯಲ್ಲಿತ್ತು.

ಕಾಕಾ ಯಾರಿಗೂ ಹೇಳದೆ ಗದಗಿಗೆ ಹೋದ. ಸಂಜೆ ಫೋಟೋ ತಂದು ನನ್ನ ಕೈಗಿಟ್ಟು, "ಭಾಳ ಛಲೋ ಮಂದಿ. ಚಹಾ ಕೊಟ್ರು. ಒಂದ ಮಾತು ಕೇಳಲಿಲ್ಲ," ಎಂದ.

ನಾಲ್ಕನೆಯ ದಿನ ಗದಗಿನಿಂದ ಅಪ್ಪನಿಗೆ ಕಾಗದ ಬಂತು. ನೀವೇ ಫೋಟೋ ತರಿಸಿಕೊಂಡಿರೆಂದ ಮೇಲೆ ನಿಮಗೆ ಈ ಸಂಬಂಧ ಮನಸ್ಸಿಲ್ಲವೆಂದು ತಿಳಿದೆವು, ನಾವೂ ಬೇರೆ ಕಡೆ ನಿಶ್ಚಯ ಮಾಡಿದ್ದೇವೆ ಎಂದು ಬಹಳ ಮರ್ಯಾದೆಯಿಂದ ಬರೆದಿದ್ದರು. ಆ ದಿನ ಅವ್ವ ಕಾಕಾನಿಗೆ ಊಟ ಬಡಿಸುವಾಗ ರೊಟ್ಟಿಯನ್ನು ಸ್ವಲ್ಪ ಮೇಲಿನಿಂದಲೇ ಬಿಟ್ಟಳು. ಕಾಕಾ ತಲೆ ತಗ್ಗಿಸಿ ಉಂಡ. ನನಗೆ ಮಾತ್ರ, ಸುಳ್ಳೇಕೆ ಹೇಳಲಿ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆ ವರನ ಫೋಟೋವನ್ನೂ ನಾನು ನೋಡಿದ್ದೆ.

ಪರೀಕ್ಷೆ ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ. ಆಯಿ ಇಬ್ಬರ ಕೈಗೂ ಮೊಸರು ಸಕ್ಕರೆ ಹಾಕಿದಳು. ಕಾಕಾನಿಗೆ ಎರಡು ಸಲ. ನೂರಾರು ಹುಡುಗರ ನಡುವೆ ನಾವು ಹುಡುಗಿಯರು ಮೂವರೇ. ನಮ್ಮನ್ನು ಮುಂದಿನ ಬೆಂಚಿಗೆ ಕೂಡಿಸಿ, ಏನೋ ಒಡೆಯುವ ಸಾಮಾನು ಇಟ್ಟಂತೆ ಸುತ್ತ ಒಂದು ಸಾಲು ಖಾಲಿ ಬಿಟ್ಟರು.

ಬೆಳಗಿನ ಗಣಿತ ಮುಗಿಸಿ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ಕಾಕಾ ಬಹಳ ಉಲ್ಲಾಸದಲ್ಲಿದ್ದ. ಹತ್ತರಲ್ಲಿ ಎಂಟು ಲೆಕ್ಕ ಮಾಡಿದ್ದ. ನನ್ನ ಉತ್ತರಗಳಿಗೆ ಹೋಲಿಸಿದರೆ ಎಂಟೂ ಸರಿ. ನಳದ ಲೆಕ್ಕವನ್ನೂ ಯಾರ ತಪ್ಪನ್ನೂ ಎಣಿಸದೆ ಬಿಡಿಸಿದ್ದ. ನನಗೆ ನನ್ನ ಪತ್ರಿಕೆಗಿಂತ ಅವನ ಪತ್ರಿಕೆಯ ಬಗ್ಗೆಯೇ ಹೆಚ್ಚು ಹೆಮ್ಮೆಯಾಯಿತು.

"ಮಧ್ಯಾಹ್ನದ್ದು ನನಗ ನೀರು ಕುಡದಂಗ," ಎಂದು ಕೈ ತೊಳೆದ.

ಮಧ್ಯಾಹ್ನದ್ದು ಸಾಮಾನ್ಯ ಜ್ಞಾನ, ಇಂಗ್ಲಿಷಿನ ಪರೀಕ್ಷೆಯೂ ಅದರಲ್ಲೇ. ಹತ್ತು ವಿಷಯಗಳಿಗೆ ಐದೈದು ಸಾಲಿನ ಟಿಪ್ಪಣಿ ಬರೆಯಬೇಕಿತ್ತು. ಅದರಲ್ಲಿ ಸೂಯೆಜ್ ಕಾಲುವೆಯೂ ಒಂದು. ನಾನು ಐದು ಸಾಲು ಬರೆದು ಮುಂದೆ ಹೋದೆ. ಗಂಟೆ ಬಾರಿಸಿದ ಮೇಲೆ ಹೊರಗೆ ಬಂದ ಕಾಕಾನ ಮುಖ ಬಾಡಿತ್ತು.

"ಎಷ್ಟು ಬರದಿ?" ಎಂದೆ.

"ನಾಕು."

"ನಾಕ? ಹತ್ತೂ ಗೊತ್ತಿದ್ವಲ್ಲೋ ನಿನಗ!"

"ಗೊತ್ತಿದ್ವು. ಅದ ಆತು ನೋಡು. ಸೂಯೆಜ್ ಸುರು ಮಾಡಿದೆ. ಅಷ್ಟೆಲ್ಲಾ ಗೊತ್ತಿದ್ದು ಐದ ಸಾಲಿನ್ಯಾಗ ಹೆಂಗ ಮುಗಸ್ತಿ? ಮೂರು ಪುಟಾ ಆತು. ತಲಿ ಎತ್ತಿ ನೋಡಿದ್ರ ಅರ್ಧಾ ತಾಸು ಉಳದಿತ್ತು."

ಧಾರವಾಡದ ಬಸ್ಸು ಹತ್ತಿದೆವು. ಉಣಕಲ್ಲು ದಾಟಿದ ಮೇಲೆ ಅವನೇ, "ಮೂರನೇ ಪುಟಾ ಭಾಳ ಛಲೋ ಬಂದಿತ್ತು," ಎಂದ. ನಾನು ನಕ್ಕುಬಿಟ್ಟೆ. ಅವನೂ ನಕ್ಕ.

ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ಟಪಾಲಿನವನು ಉದ್ದನೆಯ ಲಕೋಟೆ ತಂದು ಕಟ್ಟೆಯ ಮೇಲೆ ಕೂತಿದ್ದ ಕಾಕಾನ ಕೈಗೆ ಕೊಟ್ಟ. ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಹೆಸರೂ ಕಾಕಾನ ಹೆಸರೂ ಒಂದೇ ಅಕ್ಷರದಿಂದ ಸುರುವಾಗುತ್ತಿದ್ದವು. ನಡುವೆ ಬರುವ ತಂದೆಯ ಹೆಸರು ನನಗೆ ಅಪ್ಪನದು, ಅವನಿಗೆ ಅಜ್ಜನದು, ಅವೂ ಒಂದೇ ಅಕ್ಷರದವು. ಅಡ್ಡಹೆಸರು ಹೇಗೂ ಒಂದೇ, ಲಕೋಟೆಯ ಮೇಲೂ ಕಾಗದದಲ್ಲೂ ಮೊದಲಕ್ಷರಗಳು ಮತ್ತು ಅಡ್ಡಹೆಸರು ಮಾತ್ರ ಇದ್ದವು. ಕಾಗದದಲ್ಲಿ "ಶ್ರೀ" ಮತ್ತು "ಕುಮಾರಿ" ಎರಡೂ ಅಚ್ಚಾಗಿದ್ದವು, ಬೇಡವಾದದ್ದನ್ನು ಹೊಡೆದುಹಾಕಲು ಯಾರೋ ಮರೆತಿದ್ದರು. ಮುಂದಿನ ತಿಂಗಳು ಸಂದರ್ಶನಕ್ಕೆ ಬರಬೇಕೆಂದಿತ್ತು.

ಕಾಕಾ ಒಂದೇ ಸಲ ಕೂಗಿದ. ಆಯಿ ದೇವರ ಮುಂದೆ ದೀಪ ಹಚ್ಚಿದಳು. ಅಪ್ಪ ಸಾಲೆಗೆ ಹೊರಟವರು ತಿರುಗಿ ಬಂದು, ಜೀವನದಲ್ಲಿ ಮೊದಲ ಬಾರಿಗೆ ತಮ್ಮನ ಬೆನ್ನು ತಟ್ಟಿ, ತಾವೇ ಹೋಗಿ ಒಂದು ಸೇರು ಪೇಡೆ ತಂದರು. ಓಣಿಯ ಮಂದಿಗೆಲ್ಲ ಹಂಚಿದವಳು ನಾನು. ಹಂಚಿ ಮುಗಿಸಿ ಬಂದ ಮೇಲೆ ಕಾಗದ ನನ್ನ ಕೈಗೆ ಬಂತು. ಮೇಲಿನ ಮೂಲೆಯಲ್ಲಿ ಪರೀಕ್ಷೆಯ ನಂಬರಿತ್ತು. ಕಾಕಾನದು ನೂರಾ ನಲವತ್ತೇಳು, ನನ್ನದು ನೂರಾ ನಲವತ್ತೆಂಟು. ಕಾಗದದಲ್ಲಿ ಇದ್ದದ್ದು ನಲವತ್ತೆಂಟು.

ನಾನು ಕಾಗದ ಮಡಚಿ ದೇವರ ಮಾಡದಲ್ಲಿಟ್ಟು ಅಡಿಗೆ ಮನೆಗೆ ಹೋದೆ. ಇಬ್ಬರಿಗೂ ಬಂದಿರಬೇಕು, ಅವನದು ನಾಳೆ ಬರುತ್ತದೆ ಎಂದುಕೊಂಡೆ. ಆಯಿ ಆ ಹೊತ್ತಿಗೆ ಯಾವ ಊರಿನ ಹೆಣ್ಣು ಕಾಕಾನಿಗೆ ಒಪ್ಪುತ್ತದೆಂದು ಅವ್ವನೊಡನೆ ಮಾತು ತೆಗೆದಿದ್ದಳು. ಆ ಮಾತಿನ ನಡುವೆ ಬಾಯಿ ಹಾಕಲು ನನಗೆ ಧೈರ್ಯ ಬರಲಿಲ್ಲ. ಬಾಯಲ್ಲಿದ್ದ ಪೇಡೆ ಕರಗಲಿಲ್ಲ.

ಸಂಜೆ ಉತ್ತರ ಬರೆಯಲೆಂದು ಕಾಕಾ ಹಾಲ್ ಟಿಕೆಟ್ಟು ತೆಗೆದ. ಸ್ವಲ್ಪ ಹೊತ್ತಿಗೆ ಅಡಿಗೆ ಮನೆಯ ಬಾಗಿಲಲ್ಲಿ ಬಂದು ನಿಂತ. ನಾನು ಹಿಟ್ಟು ನಾದುತ್ತಿದ್ದೆ.

"ಏ ಕೂಸ, ಇದು ನಿಂದು."

ನಾನು ಹಿಟ್ಟಿಗೆ ಮತ್ತಷ್ಟು ನೀರು ಚಿಮುಕಿಸಿದೆ.

"ನಿನಗ ಮುಂಜಾನೆನ ಗೊತ್ತಾಗಿತ್ತು, ಹೌದಿಲ್ಲೋ?"

"ನಿಂದೂ ಬರ್ತೈತಿ, ಕಾಕಾ. ನಾಳೆ ಬರ್ತೈತಿ."

"ನಾಕ ಟಿಪ್ಪಣಿಗೆ ಬರಂಗಿಲ್ಲ ತಗಿ." ಅವನು ಕಾಗದವನ್ನು ಹಾಲ್ ಟಿಕೆಟ್ಟಿನ ಜೊತೆ ಮಡಚಿದ. ಆಮೇಲೆ, "ಸುಮ್ನ ಕುಂತಿ ಅಂತ ಬಯ್ಯಬೇಕು ನಿನ್ನ. ಆದ್ರ ಇವತ್ತ ಅಣ್ಣ ಬೆನ್ನು ತಟ್ಟಿದ್ನಲ್ಲ, ಅದು ನನ್ನ ಕಡೆನ ಇರಲಿ," ಎಂದ.

ಪಡಸಾಲೆಗೆ ಹೋಗಿ ಅವನೇ ಎಲ್ಲರಿಗೂ ಹೇಳಿದ. "ಪರೀಕ್ಷಾ ಪಾಸಾದಾಕಿ ಇಕಿ. ನಾ ಅಲ್ಲ. ಪೇಡೆ ತಿಂದವರು ಯಾರೂ ತಿರುಗಿ ಕೊಡೂದು ಬ್ಯಾಡ."

ಅಪ್ಪ ಕಾಗದ ತೆಗೆದುಕೊಂಡು ಎರಡು ಸಲ ಓದಿ, ಕನ್ನಡಕ ಒರೆಸಿ, ಮೂರನೆಯ ಸಲ ಓದಿದರು. ಆಯಿ ಮಾತ್ರ ಎದ್ದು ಒಳಗೆ ಹೋದಳು. "ಅವನ ಬಾಯಾಗಿನ ತುತ್ತು ಕಸಗೊಂಡಿ," ಎಂದು ಅವಳು ನನಗೆ ಅಂದದ್ದು ಗೋಡೆಯ ಆಚೆಯಿಂದ ಸ್ಪಷ್ಟವಾಗಿ ಕೇಳಿಸಿತು. ಕಾಕಾ ಅಲ್ಲಿಂದಲೇ ಉತ್ತರ ಕೊಟ್ಟ. "ತುತ್ತು ಅಕಿದ ಇತ್ತವಾ. ನಾ ಬಾಯಿ ತೆರದು ಕುಂತಿದ್ದೆ, ಅಷ್ಟ."

ಸಂದರ್ಶನಕ್ಕೆ ಹೋಗುವುದೋ ಬೇಡವೋ ಎಂದು ಮನೆಯಲ್ಲಿ ಎಂಟು ದಿನ ಚರ್ಚೆ ನಡೆಯಿತು. ಹೆಣ್ಣುಮಗಳು ದಿನಾ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗಿಬರುವುದು ಅವ್ವನಿಗೆ ಹಿಡಿಸಲಿಲ್ಲ. ಅಪ್ಪ ಆಚೆಗೂ ಇಲ್ಲ, ಈಚೆಗೂ ಇಲ್ಲ. ಕಾಕಾ ಮಾತ್ರ ಚರ್ಚೆಯಲ್ಲಿ ಸೇರದೆ ನನ್ನನ್ನು ತಯಾರು ಮಾಡುತ್ತಲೇ ಇದ್ದ. ಕುರ್ಚಿಯಲ್ಲಿ ಕೂತು ಬ್ಯಾಂಕಿನ ಸಾಹೇಬನಂತೆ ಇಂಗ್ಲಿಷಿನಲ್ಲಿ ಗದರಿಸುತ್ತಿದ್ದ. "ಐದ ಸಾಲು. ಐದರ ಮ್ಯಾಲ ಒಂದ ಶಬ್ದ ಹೇಳಿದ್ರ ನೋಡು," ಎನ್ನುತ್ತಿದ್ದ. ಕೊನೆಗೆ ಆ ದಿನ ಬಂದಾಗ ಅಪ್ಪ ತಾವೇ ಕೋಟು ಹಾಕಿಕೊಂಡು, "ನಡಿ, ಗಾಡಿ ತಪ್ಪತೈತಿ," ಎಂದರು. ಚರ್ಚೆ ಅಲ್ಲಿಗೆ ಮುಗಿಯಿತು.

ಮೇಜಿನ ಆಚೆ ಮೂವರು ಇದ್ದರು. ಲೆಕ್ಕ ಕೇಳಿದರು, ಹೇಳಿದೆ. ರಾಜಧಾನಿ ಕೇಳಿದರು, ಹೇಳಿದೆ. ನಡುವೆ ಕೂತಿದ್ದ ಹಿರಿಯರು ಪೆನ್ನು ಕೆಳಗಿಟ್ಟು, ನಾವು ನಿಮ್ಮನ್ನು ತೆಗೆದುಕೊಂಡು ಕೆಲಸ ಕಲಿಸಿದ ಮೇಲೆ ನೀವು ಮದುವೆಯಾಗಿ ಬಿಟ್ಟು ಹೋದರೆ ಏನು ಮಾಡುವುದು ಎಂದರು. ಕಾಕಾ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ನನ್ನ ಬಾಯಿಂದ ನಿಜವೇ ಹೊರಬಿತ್ತು. "ಸರ್, ಈ ಅರ್ಜಿಗಾಗಿ ಒಂದು ಮದುವೆಯನ್ನು ಈಗಾಗಲೇ ಬಿಟ್ಟಿದ್ದೇನೆ," ಎಂದೆ. ಹೇಗೆಂದು ಕೇಳಿದರು. ಗದಗಿನ ಫೋಟೋದ ಕಥೆಯನ್ನು ಐದು ಸಾಲಿನಲ್ಲಿ ಹೇಳಿದೆ. ಮೂವರೂ ನಕ್ಕರು. ಹಿರಿಯರು ಅರ್ಜಿಗೆ ಅಂಟಿಸಿದ ಫೋಟೋವನ್ನು ಹತ್ತಿರ ಹಿಡಿದು ನೋಡಿ, ಜಡೆ ಕತ್ತರಿಸಿಹೋಗಿದೆ ಎಂದರು.

ನೌಕರಿ ಸಿಕ್ಕಿತು. ಹುಬ್ಬಳ್ಳಿಯ ಶಾಖೆ. ಕೆಲಸಕ್ಕೆ ಹೋದ ಮೊದಲ ದಿನ ಅಡಿಗೆ ಮನೆಗೆ ಹೋದರೆ ಆಯಿ ನನಗಿಂತ ಮುಂಚೆ ಎದ್ದು ಬುತ್ತಿ ಕಟ್ಟಿಟ್ಟಿದ್ದಳು. ನನ್ನ ಕಡೆ ನೋಡದೆ, "ಚಟ್ನಿ ಖಾರ ಆಗೇತಿ, ಮೊಸರು ಹಚಗೊಂಡು ತಿನ್ನು," ಎಂದಳು. ಆ ಒಂದು ಮಾತಿನಲ್ಲೇ ಎಲ್ಲ ಬಂತು.

ಕಾಕಾನಿಗೆ ಇಪ್ಪತ್ತೈದು ತುಂಬಿತು. ಒಂದು ತಿಂಗಳು ಅವನು ಬಹಳ ನಡೆದ. ಕೆಲಗೇರಿಗೆ ಹೋಗುವುದು, ಬರುವುದು; ರಾಜಧಾನಿಗಳಿಲ್ಲದೆ, ಸುಮ್ಮನೆ. ನಾನು ಪಗಾರದ ದಿನ ಮನೆಗೆ ಬಂದರೆ ಅವನು ಹಿತ್ತಲಲ್ಲಿ ಏನೋ ಕೆಲಸ ತೆಗೆದಿರುತ್ತಿದ್ದ. ಅವನ ಮುಖ ನೋಡಲು ನನಗೂ ಆಗುತ್ತಿರಲಿಲ್ಲ.

ಒಂದು ಭಾನುವಾರ ರೈಲ್ವೆ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದ ನಮ್ಮ ಹಿಂದಿನ ಓಣಿಯ ಚಾಚಾ ತಮ್ಮ ಮಗನನ್ನು ಕರೆದುಕೊಂಡು ಬಂದರು.

"ನಿಮ್ಮ ಮನಿ ಹುಡುಗೀನ್ನ ಬ್ಯಾಂಕಿಗೆ ಕಳಿಸಿದ್ರಂತಲ್ರಿ. ಇವಂಗೂ ಒಂದೀಟು ಹೇಳಿಕೊಡ್ರಿ."

ಕಾಕಾ ಸಂಕೋಚದಿಂದ, "ನಾ ಪಾಸಾಗಿಲ್ರಿ, ಚಾಚಾ. ಮೂರು ಸಲ ಫೇಲ್ ಆಗೇನಿ," ಎಂದ.

"ಅಂದ್ರ ಎಲ್ಲೆಲ್ಲಿ ಕಾಲು ಜಾರ್ತೈತಿ ಅಂತ ನಿಮಗ ಗೊತ್ತೈತಿ. ಪಾಸಾದವರಿಗೆ ಅದೆಲ್ಲಿ ಗೊತ್ತಿರ್ತೈತ್ರಿ?"

ಆ ಹುಡುಗ ಅಂದಿನಿಂದಲೇ ಚಾಪೆಯ ಮೇಲೆ ಕೂತ. ತಿಂಗಳಿಗೆ ನಾಲ್ವರಾದರು, ಮಳೆಗಾಲದ ಹೊತ್ತಿಗೆ ಹನ್ನೊಂದು ಮಂದಿ. ಇಂಗ್ಲಿಷು, ಸಾಮಾನ್ಯ ಜ್ಞಾನ ಅವನವು; ಭಾನುವಾರದ ಗಣಿತ ನನ್ನದು. ಟಿಪ್ಪಣಿ ಬರೆಸುವಾಗ ಅವನು ಕೈಯಲ್ಲಿ ಗಡಿಯಾರ ಹಿಡಿದು ನಿಲ್ಲುತ್ತಿದ್ದ. ಆರನೆಯ ಸಾಲು ಬರೆದವನ ಪೆನ್ನು ಕಸಿದುಕೊಳ್ಳುತ್ತಿದ್ದ. ಅಷ್ಟು ಕಠಿಣ ಮಾಸ್ತರನನ್ನು ನಾನು ಸಾಲೆಯಲ್ಲೂ ಕಂಡಿಲ್ಲ. ಹುಡುಗನೊಬ್ಬ ನಳದ ಲೆಕ್ಕದಲ್ಲಿ ತಳದ ನಳ ಯಾಕೆ ತೆರೆದಿದ್ದಾರೆಂದು ಕೇಳಿದಾಗ, "ಅದನ್ನ ಕೇಳೂದಕ್ಕ ಅಂಕಾ ಇಲ್ಲ," ಎಂದು ಗದರಿಸಿದ. ನಾನು ಒಳಗೆ ಹೋಗಿ ಸೆರಗು ಬಾಯಿಗೆ ಹಿಡಿದು ನಕ್ಕೆ.

ಆ ಹನ್ನೊಂದು ಮಂದಿಯಲ್ಲಿ ಮೊದಲ ವರ್ಷ ಪಾಸಾದವರು ಇಬ್ಬರು, ಅದರಲ್ಲಿ ಚಾಚಾನ ಮಗನೂ ಒಬ್ಬ. ಮರುವರ್ಷ ಇನ್ನಷ್ಟು ಮಂದಿ. ಮೂರು ವರ್ಷ ಕಳೆದ ಮೇಲೆ ನವಲಗುಂದದ ಕಡೆಯ ಒಂದು ಸಂಬಂಧ ಬಂದು ಕಾಕಾನ ಮದುವೆಯಾಯಿತು. ಮದುವೆಗೆ ಹುಬ್ಬಳ್ಳಿ ಧಾರವಾಡದ ಬ್ಯಾಂಕುಗಳಿಂದ ಎಷ್ಟು ಹುಡುಗರು ಬಂದಿದ್ದರೆಂದರೆ, ಹೆಣ್ಣಿನ ಕಡೆಯ ಮುದುಕರೊಬ್ಬರು ನನ್ನನ್ನು ಬದಿಗೆ ಕರೆದು, "ನಿಮ್ಮ ಕಾಕಾ ಯಾವ ಬ್ಯಾಂಕಿನ ಮ್ಯಾನೇಜರ್ ಇದ್ದಾರವಾ?" ಎಂದು ಕೇಳಿದರು. ಇಲ್ಲವೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪಂಕ್ತಿಯಲ್ಲಿ ಬಡಿಸುತ್ತಿದ್ದ ಅವನ ಹುಡುಗರೆಲ್ಲ ಕಾಕಾ ಮಂಟಪದಿಂದ ಇಳಿದದ್ದನ್ನು ಕಂಡು, ಕೈಯಲ್ಲಿದ್ದ ಬುಟ್ಟಿ ಬಕೆಟ್ಟುಗಳ ಸಮೇತ ಸಟ್ಟನೆ ನೆಟ್ಟಗೆ ನಿಂತರು. ಮುದುಕರು ನನ್ನ ಉತ್ತರಕ್ಕೆ ಕಾಯದೆ, "ದೊಡ್ಡ ಸಾಹೇಬರ ಇರಬೇಕು," ಎಂದು ಹೇಳಿ ಊಟಕ್ಕೆ ಹೋದರು.